ಉಜ್ಜಿ ತೆಗೆದ ಕೆಂಪು ಚುಕ್ಕೆ

2024ರ ಜನವರಿ 28, ಭಾನುವಾರ. ಆ ದಿನದ ನನ್ನ ಡೈರಿಯಲ್ಲಿ ಹದಿನಾಲ್ಕು ಸಾಲುಗಳಿವೆ. ಅದರಲ್ಲಿ ಆರನೇ ಸಾಲು ಬಂದಾಗ ಈಗಲೂ ಪುಟ ಮುಚ್ಚಿಬಿಡುತ್ತೇನೆ.

ನಾನು ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ಕಡೂರಿನ ಒಂದು ತರಬೇತಿ ಕೇಂದ್ರದಲ್ಲಿ ಎಂಜಿನ್ ಪಾಠ ಹೇಳುವ ಕೆಲಸಕ್ಕೆ ಸೇರಿ ಆಗ ಏಳು ತಿಂಗಳಾಗಿತ್ತು. ಹೈಸ್ಕೂಲಿನಿಂದಲೂ ದಿನಾ ಡೈರಿ ಬರೆಯುವ ಅಭ್ಯಾಸ. ಏನು ಮಾಡಿದೆ, ಎಷ್ಟು ಹೊತ್ತು ಮಾಡಿದೆ, ಎಷ್ಟು ಸಲ ತಪ್ಪಿತು, ಎಲ್ಲ ಲೆಕ್ಕ ಇಡುತ್ತೇನೆ. ಮನೆಯಲ್ಲಿ ನಗುತ್ತಾರೆ. ನನಗೆ ಅದರ ಬಗ್ಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು.

ಅಜ್ಜಂಪುರದಲ್ಲಿ ನನ್ನ ದೊಡ್ಡಪ್ಪನ ಮನೆ. ಅವರ ಹತ್ತಿರ ಒಂದು ಹಳೇ ಪೆಟ್ರೋಲ್ ಅಂಬಾಸಿಡರ್ ಇದೆ. ದಿನಸಿ ಅಂಗಡಿಯ ಸಾಮಾನು ತರುವುದರಿಂದ ಹಿಡಿದು ನೆಂಟರ ಮದುವೆಗೆ ಹೋಗುವವರೆಗೆ ಎಲ್ಲದಕ್ಕೂ ಅದೇ. ಆ ಗಾಡಿಗೆ ಏನೇ ಆದರೂ ತರೀಕೆರೆಯ ಹನುಮಂತಪ್ಪ ಮೇಸ್ತ್ರಿಯೇ ಆಗಬೇಕು. ಇಪ್ಪತ್ತು ವರ್ಷದಿಂದ ಬೇರೆಯವರು ಅದರ ಬಾನೆಟ್ ಎತ್ತಿರಲಿಲ್ಲ.

ಆ ಭಾನುವಾರ ದೊಡ್ಡಪ್ಪ, "ಗಾಡಿ ಯಾಕೋ ಮಂಕಾಗೈತೆ ಕಣವ್ವ. ಪೆಟ್ರೋಲೂ ಜಾಸ್ತಿ ಕುಡೀತಾ ಐತೆ. ಬುಧವಾರ ಮೇಸ್ತ್ರಿ ಹತ್ರ ಹೋಗ್ಬತ್ತೀನಿ" ಅಂದರು.

"ಬುಧವಾರದ ತನಕ ಯಾಕೆ ದೊಡ್ಡಪ್ಪ, ನಾನೇ ನೋಡ್ತೀನಿ" ಅಂದೆ. ಹೊಸದಾಗಿ ಕೊಂಡಿದ್ದ ಟೈಮಿಂಗ್ ಲೈಟ್ ಬ್ಯಾಗಿನಲ್ಲೇ ಇತ್ತು.

ಹಳೇ ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಪೂರ್ತಿ ಮೇಲಕ್ಕೆ ಬರುವುದಕ್ಕೆ ಸ್ವಲ್ಪ ಮೊದಲು ಪ್ಲಗ್ಗಿನಲ್ಲಿ ಕಿಡಿ ಹತ್ತಬೇಕು. ತಡವಾದರೆ ಗಾಡಿ ಎಳೆಯುವುದಿಲ್ಲ. ತೀರಾ ಮುಂಚೆ ಆದರೆ ಎಂಜಿನ್ ಒಳಗೇ ಏಟು ತಿಂದು ಕಾಯುತ್ತದೆ. ಇದೇ ಟೈಮಿಂಗ್. ಎಂಜಿನ್ ಮುಂದೆ ತಿರುಗುವ ಪುಲ್ಲಿಯ ಅಂಚಿನಲ್ಲಿ ಒಂದು ಗೀರು, ಅದರ ಎದುರಿಗೆ ಅಲುಗಾಡದ ಒಂದು ಮುಳ್ಳು ಇರುತ್ತವೆ. ಪ್ರತಿ ಕಿಡಿಗೂ ಒಮ್ಮೆ ಮಿನುಗುವ ಈ ಲೈಟ್ ಬಿಟ್ಟರೆ ತಿರುಗುತ್ತಿರುವ ಗೀರು ನಿಂತ ಹಾಗೆ ಕಾಣುತ್ತದೆ. ಮುಳ್ಳಿನಿಂದ ಎಷ್ಟು ಹಿಂದೆ ಮುಂದೆ ಇದೆ ಅಂತ ಓದಿಕೊಂಡರೆ ಆಯಿತು. ನಾನು ದಿನಾ ಪಾಠ ಹೇಳುತ್ತಿದ್ದುದೂ ಇದನ್ನೇ.

ಪುಲ್ಲಿಗೆ ಹಳೇ ಆಯಿಲ್ ಮೆತ್ತಿಕೊಂಡಿತ್ತು. ಸೀಮೆಎಣ್ಣೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದೆ. ಗೀರು ಸಿಕ್ಕಿತು. ಅದಕ್ಕೆ ಸೀಮೆಸುಣ್ಣ ತುಂಬಿದೆ. ಎಂಜಿನ್ ಚಾಲೂ ಮಾಡಿ, ಕೆಳಗೆ ಬಗ್ಗಿ ಲೈಟ್ ಬಿಟ್ಟರೆ ಕಿಡಿ ಹತ್ತು ಡಿಗ್ರಿ ತಡವಾಗಿ ಹತ್ತುತ್ತಿದೆ. ಪುಸ್ತಕದ ಪ್ರಕಾರ ಐದು ಡಿಗ್ರಿ ಮುಂಚೆ ಹತ್ತಬೇಕು. ಅಂದರೆ ಹದಿನೈದು ಡಿಗ್ರಿ ತಪ್ಪು.

"ನೋಡಿ ದೊಡ್ಡಪ್ಪ, ನಿಮ್ಮ ಮೇಸ್ತ್ರಿ ಇಷ್ಟು ವರ್ಷ ಅಂದಾಜಿನ ಮೇಲೇ ಓಡಿಸಿದಾರೆ" ಅಂದೆ.

"ಅಂಗೆ ಮಾಡೋರಲ್ಲವಲ್ಲ ಅವ್ರು" ಅಂದರು ದೊಡ್ಡಪ್ಪ.

"ಲೈಟ್ ಸುಳ್ಳು ಹೇಳುತ್ತಾ?"

ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲ ಮಾಡಿ, ತಿರುಗಿಸಿ, ಪುಸ್ತಕದ ಲೆಕ್ಕಕ್ಕೆ ಕೂರಿಸಿದೆ. ಎಂಜಿನ್ ಸದ್ದು ಏರಿತು. ಒಂದು ಸುತ್ತು ಹೋಗಿ ಬಂದೆವು. ಗಾಡಿ ಹುರುಪಾಗಿ ಓಡಿತು. ದೊಡ್ಡಪ್ಪ ತಲೆ ಆಡಿಸಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ನಮ್ಮ ಮೂರು ತಾಲ್ಲೂಕಿನ ಹಳೇ ಕಾರಿನವರದೊಂದು ವಾಟ್ಸಾಪ್ ಗ್ರೂಪ್ ಇದೆ. ಆ ಸಂಜೆಯೇ ಅದರಲ್ಲಿ ಫೋಟೊ ಸಮೇತ ಬರೆದೆ. ತರೀಕೆರೆಯ ಹನುಮಂತಪ್ಪ ಮೇಸ್ತ್ರಿ ಟೈಮಿಂಗನ್ನು ಕಿವಿಯಲ್ಲಿ ಕೇಳಿ ಕೂರಿಸುತ್ತಾರೆ, ಹದಿನೈದು ಡಿಗ್ರಿ ತಪ್ಪಿದೆ, ಅವರ ಹತ್ತಿರ ಮಾಡಿಸಿದವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಅವರ ಹೆಸರು ಹಾಕಿಯೇ ಬರೆದೆ. ಮಲಗುವಷ್ಟರಲ್ಲಿ ಹತ್ತೊಂಬತ್ತು ಜನ ಹೆಬ್ಬೆಟ್ಟು ಒತ್ತಿದ್ದರು. ಅದನ್ನೂ ಎಣಿಸಿ ಡೈರಿಯಲ್ಲಿ ಬರೆದುಕೊಂಡೆ.

ನಾಲ್ಕನೇ ದಿನ ದೊಡ್ಡಪ್ಪ ಫೋನ್ ಮಾಡಿದರು. "ಸ್ಟಾರ್ಟ್ ಮಾಡೋವಾಗ ಒದೀತೈತೆ ಕಣವ್ವ. ದಿಬ್ಬ ಹತ್ತೋವಾಗ ಡಬ್ಬೀಲಿ ಕಲ್ಲು ಅಲ್ಲಾಡಿಸಿದಂಗೆ ಸದ್ದು." ಕಿಡಿ ತೀರಾ ಮುಂಚೆ ಹತ್ತಿದರೆ ಬರುವ ಸದ್ದು ಅದು. ಪಾಠದಲ್ಲಿ ನಾನೇ ಹೇಳುತ್ತೇನೆ. ಆದರೂ, "ಪೆಟ್ರೋಲ್ ಸರಿ ಇಲ್ಲದಿರಬಹುದು, ಮುಂದಿನ ಸಲ ಬೇರೆ ಕಡೆ ಹಾಕಿಸಿ" ಅಂದೆ. ನಾನು ಕೂರಿಸಿದ್ದು ತಪ್ಪಿರಬಹುದು ಅನ್ನುವುದು ತಲೆಗೇ ಬರಲಿಲ್ಲ.

ಫೆಬ್ರವರಿ 9, ಶುಕ್ರವಾರ. ರಜೆ ಹಾಕಿ ದೊಡ್ಡಪ್ಪನ ಜೊತೆ ತರೀಕೆರೆಗೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಗಾಡಿ ನಿಂತುಬಿಟ್ಟಿತು. ದೊಡ್ಡಪ್ಪ ನನ್ನನ್ನು ಏನೂ ಕೇಳದೆ ಮೇಸ್ತ್ರಿಗೆ ಫೋನ್ ಮಾಡಿದರು.

ಮುಕ್ಕಾಲು ಗಂಟೆಯಲ್ಲಿ ಅವರು ಮೊಪೆಡ್ಡಿನಲ್ಲಿ ಬಂದರು. ಅರವತ್ತು ದಾಟಿದ ಸಣ್ಣ ಆಳು, ಷರ್ಟಿನ ಜೇಬಿನಲ್ಲಿ ಕನ್ನಡಕ. ಎಂಜಿನ್ ಮುಟ್ಟಿ ನೋಡಿ, "ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋಗೈತೆ ಯಜಮಾನ್ರೇ" ಅಂದರು. ಡಿಸ್ಟ್ರಿಬ್ಯೂಟರಿನ ಕಡೆ ನೋಡಿದರು. "ಯಾರು ಕೈ ಹಾಕಿದ್ದು?"

"ನಾನೇ" ಅಂದೆ.

ಟ್ರ್ಯಾಕ್ಟರಿಗೆ ಕಟ್ಟಿ ಅವರ ಶೆಡ್ಡಿಗೆ ಎಳೆಸಿಕೊಂಡು ಹೋದೆವು. ಶೆಡ್ ಖಾಲಿ ಇತ್ತು. ದೊಡ್ಡಪ್ಪ, "ಏನ್ ಮೇಸ್ತ್ರಿ, ಗಾಡಿಗಳೇ ಇಲ್ಲ?" ಅಂದರು.

"ಚೌಳಹಿರಿಯೂರಿನೋರು, ಲಕ್ಕವಳ್ಳಿಯೋರು ಇಬ್ರೂ ತಗಂಡು ಹೋದ್ರು. ಯಾರೋ ಲೈಟ್ ಬಿಟ್ಟು ನೋಡವ್ರಂತೆ, ನಂದು ಹದಿನೈದು ಡಿಗ್ರಿ ತಪ್ಪಂತೆ." ಯಾರು ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಯಾರೋ ಅಂದರು. ದೊಡ್ಡಪ್ಪ ಒಂದು ಸಲ ನನ್ನ ಮುಖ ನೋಡಿ, ಆ ಕಡೆ ತಿರುಗಿಕೊಂಡರು.

ಆಮೇಲೆ ಮೇಸ್ತ್ರಿ ನನ್ನ ಕೈಗೆ ಒಂದು ಸೈಕಲ್ ಕಡ್ಡಿ ಕೊಟ್ಟರು. "ಒಂದನೇ ಪ್ಲಗ್ ಬಿಚ್ಚಮ್ಮ. ಈ ಕಡ್ಡಿ ತೂತಿಗೆ ಬಿಟ್ಟು ಹಗೂರಕ್ಕೆ ಹಿಡ್ಕೊ." ಅವರು ಕೈಯಲ್ಲೇ ಫ್ಯಾನ್ ತಿರುಗಿಸಿದರು. ಪಿಸ್ಟನ್ ಜೊತೆ ಕಡ್ಡಿ ಮೇಲಕ್ಕೆ ಬಂತು, ಬಂತು, ನಿಂತಿತು.

"ನಿಂತ್ಕಂತಾ?"

"ನಿಂತಿತು."

"ಅಂದ್ರೆ ಪಿಸ್ಟನ್ ಮೇಲೈತೆ. ಈಗ ನಿನ್ನ ಗೀರು ಎಲ್ಲೈತೆ ನೋಡು."

ಬಗ್ಗಿ ನೋಡಿದೆ. ಪಿಸ್ಟನ್ ಮೇಲಿರುವಾಗ ಗೀರು ಮುಳ್ಳಿನ ಎದುರಿಗೇ ಇರಬೇಕು. ನನ್ನ ಸೀಮೆಸುಣ್ಣದ ಗೀರು ಒಂದು ಬೆರಳಗಲ ಆಚೆ ಇತ್ತು.

"ಇದು ಈ ಎಂಜಿನ್ನಿನ ಪುಲ್ಲಿ ಅಲ್ಲಮ್ಮ" ಅಂದರು. "ಏಳೆಂಟು ವರ್ಷದ ಕೆಳಗೆ ಹಳೇದು ಒಡೆದೋಯ್ತು. ಗುಜರಿಯಿಂದ ಬೇರೆ ಎಂಜಿನ್ನಿಂದು ತಂದು ಹಾಕಿದೆ. ಅದ್ರ ಗೀರು ಇದಕ್ಕೆ ಬರಲ್ಲ. ಅದಕ್ಕೇ ಹಿಂಗೇ ಕಡ್ಡಿ ಬಿಟ್ಟು ನೋಡಿ, ಸರಿಯಾದ ಜಾಗಕ್ಕೆ ಕೆಂಪು ಚುಕ್ಕೆ ಇಟ್ಟಿದ್ದೆ. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಳಿಯೋ ಬಣ್ಣ, ಅಷ್ಟು ಸುಲಭಕ್ಕೆ ಹೋಗಲ್ಲ. ನೀನು ನೋಡಿದಾಗ ಇರ್ಲಿಲ್ವಾ?"

ಡೈರಿ ನನ್ನ ಹೆಗಲ ಚೀಲದಲ್ಲೇ ಇತ್ತು. ಜನವರಿ 28ರ ಆರನೇ ಸಾಲು ನನಗೆ ಬಾಯಿಪಾಠ. 'ಪುಲ್ಲಿ ಅಂಚಿನಲ್ಲಿ ಕೆಂಪು ಬಣ್ಣದ ಕಲೆ. ಉಜ್ಜಿ ತೆಗೆದೆ.'

"ಇಲ್ಲ, ನೋಡಿದ ನೆನಪಿಲ್ಲ" ಅಂದೆ.

ಮೇಸ್ತ್ರಿ ಪುಲ್ಲಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ದೊಡ್ಡಪ್ಪನಿಗೆ, "ಹಂಗಾರೆ ಬಣ್ಣ ಉದುರೈತೆ ಯಜಮಾನ್ರೇ. ಉಳೀಲಿ ಗುರುತು ಹೊಡೀಬೇಕಿತ್ತು ನಾನು. ಹುಡುಗಿ ಏನ್ ಮಾಡ್ತದೆ, ಕಂಡಿದ್ದ ಗೀರು ನೋಡೈತೆ. ತಪ್ಪು ನಂದೇ" ಅಂದರು.

ನಾನು ಎರಡೇ ಮಾತು ಹೇಳಬೇಕಿತ್ತು. ಹೇಳಲಿಲ್ಲ.

ಗಾಡಿ ಮೊದಲು ಮಂಕಾಗಿದ್ದುದಕ್ಕೆ ಕಾರಣವನ್ನೂ ಅವರು ಆವತ್ತೇ ಹುಡುಕಿದರು. ಡಿಸ್ಟ್ರಿಬ್ಯೂಟರಿಗೆ ಕಾರ್ಬೊರೇಟರ್ ಕಡೆಯಿಂದ ಒಂದು ಸಣ್ಣ ರಬ್ಬರ್ ಪೈಪು ಬರುತ್ತದೆ. ಗಾಡಿ ಸಲೀಸಾಗಿ ಓಡುವಾಗ ಎಂಜಿನ್ನಿನ ಎಳೆತದಿಂದ ಕಿಡಿಯನ್ನು ಇನ್ನಷ್ಟು ಮುಂಚೆ ತರುವುದು ಅದೇ. ಅದರ ಒಂದು ತುದಿಯನ್ನು ಮೇಸ್ತ್ರಿ ಬಾಯಲ್ಲಿ ಹೀರಿ ನೋಡಿ, "ಬರೀ ಗಾಳಿ" ಅಂದರು. ಪೈಪು ನಡುವೆ ಸೀಳಿತ್ತು. ಹೊಸ ಪೈಪು ಹಾಕಿದ್ದರೆ ಎಲ್ಲ ಮುಗಿಯುತ್ತಿತ್ತು. ನಾನು ಪರೀಕ್ಷೆಗೆ ಇಟ್ಟುಕೊಂಡಿದ್ದ ಪಟ್ಟಿಯಲ್ಲಿ ಅದನ್ನು ನೋಡುವ ಕಲಮೇ ಇರಲಿಲ್ಲ.

ಮುಂದಿನ ಎರಡು ವಾರ ಪಾಠ ಮಾಡುವಾಗ ಪುಲ್ಲಿ ಅನ್ನುವ ಮಾತು ಬಂದರೆ ಬೋರ್ಡಿನ ಕಡೆ ತಿರುಗಿಕೊಳ್ಳುತ್ತಿದ್ದೆ. ಗ್ರೂಪಿನಲ್ಲಿ ಹಾಕಿದ್ದನ್ನು ಅಳಿಸಲೂ ಇಲ್ಲ, ತಿದ್ದಲೂ ಇಲ್ಲ. ಫೆಬ್ರವರಿ 25, ಭಾನುವಾರ, ತಡೆಯಲಾರದೆ ತರೀಕೆರೆ ಬಸ್ ಹತ್ತಿದೆ.

ಮೇಸ್ತ್ರಿ ಒಬ್ಬರೇ ಇದ್ದರು. "ಬಾರಮ್ಮ. ದೊಡ್ಡಪ್ಪನ ಗಾಡಿ ಚೆನ್ನಾಗಿ ಓಡ್ತಾ ಐತಾ?" ಅಂತ ಸ್ಟೂಲ್ ಎಳೆದು ಕೊಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಶುರು ಮಾಡಿದರು. "ನಿಮ್ಮ ದೊಡ್ಡಪ್ಪಂದು ಬಿಟ್ಟು ಹಿಂಗೇ ಬಣ್ಣದ ಚುಕ್ಕೆ ಇಟ್ಟ ಗಾಡಿ ಇನ್ನೂ ಒಂಬತ್ತವೆ. ಅವುಗಳದ್ದೂ ಉದುರಿದ್ರೆ ಏನ್ ಗತಿ ಅಂತ ಊರೂರಿಗೆ ಹೋಗಿ ಬಂದೆ. ಎಂಟು ಗಾಡೀದು ನೋಡ್ದೆ. ಎಲ್ಲಾದ್ರಲ್ಲೂ ಚುಕ್ಕೆ ಇಟ್ಟಂಗೇ ಐತೆ. ಆದ್ರೂ ಇರಲಿ ಅಂತ ಉಳೀಲಿ ಹೊಡೆದು ಬಂದೆ. ಚೌಳಹಿರಿಯೂರಿನೋರು ಮಾತ್ರ ಬಾನೆಟ್ ಎತ್ತಾಕೆ ಬಿಡ್ಲಿಲ್ಲ. ನಿಮ್ಮ ದೊಡ್ಡಪ್ಪಂದು ಒಂದೇ ಯಾಕೆ ಉದುರ್ತು ಅಂತ ಯೋಚ್ನೆ ಮಾಡ್ತಾನೇ ಇದೀನಿ."

ನಾನು ಡೈರಿ ತೆಗೆದು ಆ ಪುಟ ಅವರ ಮುಂದೆ ಹಿಡಿದೆ. "ಸಣ್ಣ ಅಕ್ಷರ, ನೀನೇ ಓದು" ಅಂದರು. ಆರನೇ ಸಾಲು ಓದಿದೆ. ಎರಡನೇ ಸಲ ಓದಿಸಿದರು.

ಬಟ್ಟೆ ತೆಗೆದುಕೊಂಡು ಕೈ ಒರೆಸಿಕೊಂಡರು. "ಅಂದ್ರೆ ನನ್ನ ಬಣ್ಣ ಉದುರಿರ್ಲಿಲ್ಲ."

"ಇಲ್ಲ ಮೇಸ್ತ್ರಿ. ಆವತ್ತು ನಾನು ಸುಳ್ಳು ಹೇಳಿದೆ."

"ಕಲೆ ಅಂತ ಬರ್ದಿದೀಯ. ಅಷ್ಟು ದುಂಡಗಿರೋ ಕಲೆ ಎಲ್ಲಾದ್ರೂ ನೋಡಿದೀಯಾ ನೀನು?" ಅಂದರು. ಒಂದು ಕ್ಷಣ ನಕ್ಕರು ಅನ್ನಿಸಿತು. ಆಮೇಲೆ ನಗಲಿಲ್ಲ. "ಇಪ್ಪತ್ತು ದಿನ ಅಲ್ಲಾದ್ರೂ ಹದಿನೈದು ದಿನ ನನ್ನ ಕೈಮೇಲೇ ನಂಗೆ ನಂಬಿಕೆ ಇರ್ಲಿಲ್ಲ ಕಣಮ್ಮ. ಹೋಗು, ಬಿಸಿಲಾಗ್ತದೆ."

ಬಸ್ಸಿನಲ್ಲೇ ಕೂತು ಗ್ರೂಪಿಗೆ ಎಲ್ಲವನ್ನೂ ಬರೆದೆ. ಕೆಂಪು ಚುಕ್ಕೆ ಉಜ್ಜಿದ್ದು, ಮೇಸ್ತ್ರಿಯ ಟೈಮಿಂಗ್ ಸರಿ ಇದ್ದದ್ದು, ಕೇಳಿದಾಗ ಸುಳ್ಳು ಹೇಳಿದ್ದು. ನಾಲ್ಕು ಜನ ಹೆಬ್ಬೆಟ್ಟು ಒತ್ತಿದರು. ದೊಡ್ಡಪ್ಪನಿಗೆ ಮನೆಗೆ ಹೋಗಿ ಹೇಳಿದೆ. "ಗೊತ್ತಿತ್ತು. ನೀನು ಬಟ್ಟೇಲಿ ಉಜ್ಜೋದನ್ನ ನೋಡಿದ್ನಲ್ಲ" ಅಂದರು. ಅಷ್ಟೇ.

ಲಕ್ಕವಳ್ಳಿಯ ಗಾಡಿ ಮಾರ್ಚಿನಲ್ಲಿ ಮೇಸ್ತ್ರಿಯ ಶೆಡ್ಡಿಗೆ ಮರಳಿ ಬಂತು. ಚೌಳಹಿರಿಯೂರಿಗೆ ನಾನೇ ಎರಡು ಸಲ ಹೋಗಿ ಬಂದೆ. ಆ ಗಾಡಿಯವರು ಕಾಫಿ ಕೊಟ್ಟು, "ಈಗ ಬೇರೆ ಕಡೆ ಬಿಡ್ತಾ ಇದೀವಿ ಕಣಮ್ಮ, ಹೋಗ್ಲಿ ಬಿಡು" ಅಂದರು.

ಆರನೇ ಸಾಲನ್ನು ನಾನು ಹೊಡೆದುಹಾಕಿಲ್ಲ. ಅದರ ಎದುರಿನ ಪುಟದಲ್ಲಿ ಒಂದರಿಂದ ಒಂಬತ್ತರವರೆಗೆ ಬರೆದು, ಮೇಸ್ತ್ರಿ ನೋಡಿ ಬಂದ ಎಂಟು ಗಾಡಿಗಳ ಮುಂದೆ ಗುರುತು ಹಾಕಿದ್ದೇನೆ. ಚೌಳಹಿರಿಯೂರಿನ ಒಂಬತ್ತನೆಯದರ ಮುಂದೆ ಇವತ್ತಿಗೂ ಏನೂ ಇಲ್ಲ.