ಅತ್ತೆ ಗೋಡಂಬಿ ಬಿಟ್ಟ ಕಾರಣ

ಮಗ್ಗೆ ಊರಿನಲ್ಲಿ ನಾದಿನಿಯ ಮಗುವಿನ ನಾಮಕರಣ. ಊಟಕ್ಕೆ ಕೂತಿದ್ದಾಗ ಗೋಡಂಬಿ ಬರ್ಫಿ ಕಚ್ಚಿದ ನನ್ನ ಮೂರು ವರ್ಷದ ಮಗಳು ತುಟಿ ಉಜ್ಜಿಕೊಂಡು ಅಳತೊಡಗಿದಳು. ನೋಡನೋಡುತ್ತಲೇ ಕಣ್ಣು ಊದಿಕೊಂಡವು, ಮೈಯೆಲ್ಲ ದದ್ದು ಎದ್ದಿತು. "ಪಿತ್ತದ ಗಂಧೆ, ಕಂಬಳಿ ಹೊದಿಸಿ" ಎಂದರು ಯಾರೋ.

ನನ್ನ ಅತ್ತೆ ಅರ್ಧ ಊಟದಲ್ಲೇ ಎದ್ದು ಓಡಿ ಬಂದರು. "ಕಂಬಳಿ ಬ್ಯಾಡ, ಜೀಪ್ ತೆಗೀರೋ! ಉಸಿರು ಕಟ್ತೈತೆ. ನಂಗೂ ಹಿಂಗೇ ಆಗಿತ್ತು" ಎಂದು ಕೂಗಿದರು.

ನಾನು ದಂಗಾದೆ. ಗೋಡಂಬಿಯನ್ನು ದೇವರಿಗೆ ಹರಕೆಯಾಗಿ ಬಿಟ್ಟಿದ್ದೇನೆ ಎಂದೇ ಅತ್ತೆ ನಮಗೆಲ್ಲ ಹೇಳಿದ್ದರು.

ಆಲೂರಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಮಗಳ ಉಸಿರಾಟ ಹಗುರಾಯಿತು. ಇಂಥ ಅಲರ್ಜಿಯ ಗುಣ ಮನೆತನದಲ್ಲಿ ಇಳಿದು ಬರಬಹುದು ಎಂದರು ಡಾಕ್ಟರು. ಅತ್ತೆ ಸೆರಗು ಹಿಂಡುತ್ತಾ ನನ್ನತ್ತ ತಿರುಗಿದರು.

"ಕಾಯ್ಲೆ ಅಂದ್ರೆ ಯಾರೂ ಮದ್ವೆ ಆಗಲ್ಲ, ಹರಕೆ ಅನ್ನು ಅಂತ ನಮ್ಮವ್ವ ಹೇಳ್ಕೊಟ್ಟಿತ್ತು ಕಣವ್ವ. ಅದನ್ನೇ ಹೇಳ್ಕೊಂಡು ಬಂದ್ಬುಟ್ಟೆ. ಮಗೀಗೂ ಬತ್ತೈತೆ ಅಂತ ನಂಗೇನು ಗೊತ್ತು?"

ಸಿಟ್ಟು ಬಂದಿತ್ತು. ಆದರೆ ಕಂಬಳಿ ಬೇಡವೆಂದು ಜೀಪ್ ತೆಗೆಸಿದ್ದೂ ಅವರೇ.

ಈಗ ನಾನು ಮತ್ತೆ ಐದು ತಿಂಗಳ ಬಸುರಿ. ಈ ಮಗುವಿಗೂ ಹಾಗಾಗಲೇಬೇಕೆಂದೇನಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಅದು ಹೊಟ್ಟೆಯಲ್ಲಿ ಮಿಸುಕಿದಾಗ ಮಗಳ ಊದಿದ ಕಣ್ಣೇ ನೆನಪಾಗುತ್ತದೆ. ಅತ್ತೆಯಂತೂ ಮನೆಗೆ ಬಂದವರಿಗೆಲ್ಲ ಬಾಗಿಲಲ್ಲೇ ಹೇಳುತ್ತಾರೆ: "ನಮ್ಮ ರಕ್ತದಲ್ಲೇ ಐತೆ ಕಣ್ರೀ. ಕೇಳ್ದೆ ಮಗೀಗೆ ಏನೂ ಕೊಡಬ್ಯಾಡಿ."