ಮೇಷ್ಟ್ರ ಸೊನ್ನೆ

ನಮ್ಮ ತತ್ತ್ವಶಾಸ್ತ್ರದ ಮೇಷ್ಟ್ರು ಬೋರ್ಡಿನ ಮೇಲೆ ದೊಡ್ಡ ಸೊನ್ನೆ ಬರೆದು, "ಮನುಷ್ಯನ ಯೋಚನೆ ಇಷ್ಟೇ ಕಣ್ರಪ್ಪಾ, ಇದರಾಚೆ ಕೇಳ್ಬೇಡಿ!" ಎನ್ನುತ್ತಿದ್ದರು. ದೇವರು, ಸಾವು, ಕಾಲದ ಆರಂಭ, ಯಾವುದನ್ನು ಕೇಳಿದರೂ ಸೊನ್ನೆಯ ಹೊರಗೆ ಬೆರಳು ತೋರಿಸಿ, ಸೀಮೆಸುಣ್ಣದ ಕೈ ಕೊಡವಿ, ಹೊಟ್ಟೆ ಕುಲುಕಿಸಿ ನಗುತ್ತಿದ್ದರು.

ಆ ವರ್ಷ ದಸರಾ ವಸ್ತುಪ್ರದರ್ಶನದಲ್ಲಿ ನಾವು ಅವರನ್ನು ಜಯಂಟ್ ವೀಲ್ ಹತ್ತಿಸಿದೆವು. ತೊಟ್ಟಿಲು ತುದಿಗೇರಿದಾಗ ಊರಿನ ದೀಪಗಳೆಲ್ಲ ಕಾಲಡಿಗೆ ಬಂದವು. ಮೇಷ್ಟ್ರು ಪೇಟ ಒತ್ತಿಹಿಡಿದು, "ನೋಡಿದ್ರಾ, ಎಷ್ಟು ಮೇಲೆ ಬಂದ್ರೂ ಕಣ್ಣಿಗೆ ಕಾಣೋದಕ್ಕೊಂದು ಕೊನೆ ಇದ್ದೇ ಇದೆ! ಯೋಚನೆನೂ ಅಂಗೇ..." ಎನ್ನುವಷ್ಟರಲ್ಲಿ ತೊಟ್ಟಿಲು ಧುಮುಕಿತು. "ಅವ್ವಾ!" ಎಂದು ಕಿರುಚಿ ನನ್ನ ತೋಳು ತಬ್ಬಿಕೊಂಡರು. ಆಮೇಲೆ ಪ್ರತಿ ಸುತ್ತಿಗೂ ಅವ್ವಾ! ಇಳಿದ ಮೇಲೂ ನೆಲ ತಿರುಗುತ್ತಲೇ ಇತ್ತು, ನಮ್ಮ ನಗು ನಿಲ್ಲಲೇ ಇಲ್ಲ.

ರಜೆ ಮುಗಿದ ಮೊದಲ ಕ್ಲಾಸಿನಲ್ಲಿ ನನ್ನ ಗೆಳೆಯ ಕೇಳಿಯೇಬಿಟ್ಟ: "ಸಾರ್, ಅವತ್ತು ಕೆಳಗೆ ಬರುವಾಗ ಏನು ಯೋಚನೆ ಮಾಡ್ತಿದ್ರಿ?"

"ಯೋಚನೆ ಎಲ್ಲಿತ್ತಯ್ಯಾ? ಅದು ಮೇಲೇ ಉಳ್ಕೊಂಡ್ಬುಡ್ತು!" ಮೇಷ್ಟ್ರೂ ನಕ್ಕರು. "ನಂಗೆ ಮಾತು ಬರೋಕೆ ಮುಂಚೇನೇ ತೀರ್ಕೊಂಡೋಳು ನಮ್ಮವ್ವ. ಮುಖ ಕೂಡ ನೆನಪಿಲ್ಲ. ಅವಳನ್ನೇ ಕರೆದ್ಬುಟ್ಟೆ ನೋಡು."

ಬೋರ್ಡಿನತ್ತ ತಿರುಗಿ, ಅಲ್ಲಿದ್ದ ಸೊನ್ನೆಯ ಹೊರಗೆ ಮೊದಲ ಸಲ ಒಂದು ಚುಕ್ಕೆ ಇಟ್ಟರು. ಅವತ್ತು ಕೈ ಕೊಡವಲಿಲ್ಲ.