ಮರಿಯ ಮೂತಿಗೆ ಒದ್ದೆ ಬಟ್ಟೆ

ಕಾಸರಗೋಡಿನ ದನದ ಆಸ್ಪತ್ರೆಯಲ್ಲಿ ನಾನು ಗಬ್ಬದ ಕುರಿಯ ಹೊಟ್ಟೆ ಕೊಯ್ದು, ಹೊಕ್ಕುಳಬಳ್ಳಿ ಕಡಿಯದೆ ಮರಿಯನ್ನು ಹೊರಗಿಟ್ಟು, ಅದರ ರಕ್ತನಾಳಕ್ಕೆ ಸಣ್ಣ ಕೊಳವೆ ತೂರಿಸಿ ರಕ್ತ ಹರಿಯುವ ದಾರಿ ನೋಡುತ್ತಿದ್ದೆ. ನಿಯಮ ಒಂದೇ: ಬಳ್ಳಿಯಲ್ಲಿ ಬರುವ ತಾಯಿಯ ರಕ್ತದಿಂದಲೇ ಬದುಕಿರುವ ಮರಿ ತಾನಾಗಿ ಉಸಿರೆಳೆಯಬಾರದು. ಎಳೆದರೆ ರಕ್ತದ ದಾರಿಯೇ ಬದಲಾಗಿ ಪ್ರಯೋಗ ಕೆಡುತ್ತದೆ. ಅದಕ್ಕೇ ಮೂತಿಗೆ ಬೆಚ್ಚಗಿನ ಒದ್ದೆ ಬಟ್ಟೆ ಒತ್ತಿ ಹಿಡಿಯಲು ನೆಕ್ರಾಜೆಯ ತನಿಯಪ್ಪನನ್ನು ನಿಲ್ಲಿಸಿದ್ದೆ. ಮನೆಯಲ್ಲಿ ಆಡು ಸಾಕಿದವನು.

ಕೊಳವೆಗೆ ಗಂಟು ಹಾಕಿ ತಲೆಯೆತ್ತುವಾಗ ಅವನು ಬಟ್ಟೆ ತೆಗೆದು, ಲೋಳೆ ಒರೆಸಿ, ಮರಿಯ ಮೂಗಿಗೆ ಊದುತ್ತಿದ್ದ. ಮರಿ ಕೂಗಿತು.

“ಎಂತ ಮಾಡಿದೆ ಮಾರಾಯ?”

“ಉಸಿರು ಕಟ್ಟಿತ್ತು ಡಾಕ್ಟ್ರೇ. ನಮ್ಮಲ್ಲಿ ಹಾಗೆ ಊದುವುದು ಉಂಟು. ಬದುಕಿತಲ್ಲ?”

“ಬದುಕಬಾರದಿತ್ತು,” ಎಂದೆ. ಕ್ರಮದಂತೆ ತಾಯಿ, ಮರಿ ಎರಡಕ್ಕೂ ಸಾಯುವ ಮದ್ದು ಕೊಟ್ಟು ಮುಗಿಸಿದೆ. ನೋಟ್‌ಬುಕ್ಕಿನ ‘ತಪ್ಪು’ ಎಂಬ ಕಲಮಿನಲ್ಲಿ ಅವನ ಹೆಸರು ಬರೆದೆ.

ಮುಂದಿನ ಕುರಿಯ ಮರಿಗೆ ತನಿಯಪ್ಪ ಬಟ್ಟೆಯನ್ನು ಕೊನೆಯವರೆಗೂ ಸಡಿಲಿಸಲಿಲ್ಲ. ಮುಖ ಮಾತ್ರ ಗೋಡೆಯ ಕಡೆ ಇತ್ತು. “ಇನ್ನೂ ಹಿಡಿಯಬೇಕಾ?” ಎಂದು ಒಮ್ಮೆ ಕೇಳಿದ, ಅಷ್ಟೇ. ಅಂಕಿಗಳು ಅಚ್ಚುಕಟ್ಟಾಗಿ ಬಂದವು.

ಆ ಪುಟದಲ್ಲಿ ತಪ್ಪಿನ ಕಲಂ ಖಾಲಿ ಉಂಟು. ಅಲ್ಲಿಯೂ ಒಂದು ಹೆಸರು ಬರೆಯಬೇಕಿತ್ತೆಂದು ಈಚೆಗೆ ಅನಿಸುತ್ತದೆ, ಅವನದಲ್ಲ.